ಕಿಟಕಿಯಲ್ಲಿಟ್ಟ ಅಳತೆ

ಮಾರ್ಚ್ ೩, ಸೋಮವಾರ

ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಕಾಲೇಜಿನಿಂದ ನಾನು ಕದ್ದು ತಂದ ಏಕೈಕ ವಸ್ತು ಈ ಪ್ರಯೋಗಾಲಯದ ರಟ್ಟಿನ ಪುಸ್ತಕ. ಅವರು ತಾವಾಗಿ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಬೇಕಾದಾಗ ಸಮಯ ಕೊಡದೆ, ಬೇಡವಾದ ಮೇಲೆ ಮೊಳೆ ಸಮೇತ ಕೊಡುವುದು ಸಂಸ್ಥೆಗಳ ಪದ್ಧತಿ. ಪುಸ್ತಕದ ಪ್ರತಿ ಹಾಳೆಯ ಮೇಲೂ ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಎಂದು ಅಚ್ಚಾಗಿದೆ. ನಿವೃತ್ತಳಾಗಿ ಐದು ವಾರ. ನಾಲ್ಕರಲ್ಲಿ ಒಂದೂ ನನ್ನ ಬಳಿ ಇರಲಿಲ್ಲ. ಇವತ್ತು ಉದ್ದೇಶ ತಾನಾಗಿ ಬಂದು ಬಾಗಿಲು ತಟ್ಟಿತು.

ಪಕ್ಕದ ಅಚ್ಚುಕೂಟದ ಯಜಮಾನರು. ಏಪ್ರಿಲ್ ಒಂದಕ್ಕೆ ಹೊಸ ಯಂತ್ರ ಬರುತ್ತದಂತೆ, ಷೆಡ್ಡು ಖಾಲಿಯಾಗಬೇಕು. ಷೆಡ್ಡು ಅವರದೇ. ಏಳು ವರ್ಷದ ಹಿಂದೆ ಅಣ್ಣನಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದರು. ಅಣ್ಣ ತೀರಿ, ಆ ಬಾಯಿ ಹೋಗಿ ಏಳು ತಿಂಗಳಾದರೂ ಮಾತು ಉಳಿಸಿಕೊಂಡರು. ಇನ್ನೂ ಎಳೆಯಬಾರದು.

ಷೆಡ್ಡಿನಲ್ಲಿರುವುದು ಅಣ್ಣನ ಕಾರು. ನನಗಿಂತ ಎರಡು ವರ್ಷ ಹಿರಿಯಳು, ಮೈಕಟ್ಟು ನನಗಿಂತ ಚೆನ್ನಾಗಿದೆ. ತುಕ್ಕಿನ ರಾಶಿಯಾಗಿ ಬಂದವಳನ್ನು ಏಳು ವರ್ಷ ಕೂತು ಅವನು ಕಾರು ಮಾಡಿದ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅವನ ಪಟ್ಟಿ: ಬ್ರೇಕು, ಕ್ಲಚ್ಚು, ಇಂಜಿನ್ನು, ಹೀಗೆ ಹತ್ತರ ಮುಂದೆ 'ಆಯಿತು'. ಹನ್ನೊಂದನೆಯದರ ಮುಂದೆ ಮಾತ್ರ, 'ಪೆಟ್ರೋಲ್ ಪೈಪು: ಅಳತೆ ಕಿಟಕಿಯಲ್ಲಿದೆ.' ಹಿಂದಿನ ಟ್ಯಾಂಕಿನಿಂದ ಮುಂದಿನ ಪಂಪಿನವರೆಗೆ ಕಾರಿನ ಹೊಟ್ಟೆಯ ಕೆಳಗೆ ಹರಿದು ಹೋಗುವ ಹನ್ನೊಂದು ಅಡಿ ಉಕ್ಕಿನ ಕೊಳವೆ. ಆನೆ ಹೋಗಿದೆ, ಬಾಲ ಸಿಕ್ಕಿಕೊಂಡಿದೆ. ಷೆಡ್ಡಿನ ಕಿಟಕಿ ನೋಡಿದೆ. ಜೇಡರ ಬಲೆಯ ಅಳತೆ ಬಿಟ್ಟರೆ ಬೇರೇನೂ ಇಲ್ಲ.

ಹಳೆಯ ಕಾರು ಕೂಡಿಹಾಕುವವರೊಬ್ಬರು ಅಣ್ಣ ಇದ್ದಾಗ ಎರಡು ಸಲ ಬಂದಿದ್ದರು. ಕೈಗವಸು ಹಾಕಿಕೊಂಡೇ ಬಾಗಿಲು ಮುಟ್ಟುವವರು. ನಾವು ಕೈಗವಸಿನವರು ಎನ್ನುತ್ತಿದ್ದೆವು. ಫೋನು ಮಾಡಿದೆ. ಮೂವತ್ತನೇ ತಾರೀಕು ಬರುತ್ತಾರೆ. ಓಡಿದರೆ ಒಯ್ಯುತ್ತಾರೆ, ಓಡದಿದ್ದರೆ ಬೇಡ. ಓಡದವು ಅವರ ಬಳಿಯೇ ಮೂರಿವೆ. ಅವರು ಬಿಟ್ಟರೆ ಗುಜರಿಯವನು, ತೂಕದ ಲೆಕ್ಕ. ನಮ್ಮ ಮನೆಯ ಮುಂದೆ ಸೈಕಲ್ಲಿಗೂ ಜಾಗವಿಲ್ಲ. ಅಣ್ಣನ ಏಳು ವರ್ಷವನ್ನು ತಕ್ಕಡಿಗೆ ಹಾಕಿಸುವುದಿಲ್ಲ ಎಂದು ಗಡಿಯಾರಕ್ಕೆ ಹೇಳಿದೆ. ಮನೆಯಲ್ಲಿ ಮುಖವಿರುವುದು ಅದಕ್ಕೊಂದಕ್ಕೇ.

ಮೇಲೆ ದಡಬಡ ಶುರುವಾಯಿತು. ಮಹಡಿಯ ಕೋಣೆಯ ಬಾಡಿಗೆದಾರಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಮನೆಯಲ್ಲಿ ಮರದ ಅಟ್ಟೆಯ ಚಪ್ಪಲಿ. ಅಣ್ಣ ಕರೆದು ತಂದು ಇಟ್ಟದ್ದು. ಅವಳಿಗೆ ಹೆಸರಿದೆ, ನಾನು ದಡಬಡ ಎನ್ನುತ್ತೇನೆ. ಮನಸ್ಸಿನಲ್ಲಿ, ಏಕೆಂದರೆ ಮಾತಿಲ್ಲ. ಸದ್ದಿನ ಬಗ್ಗೆ ಒಂದು ದೂರು ಕೊಡಬೇಕೆಂದು ಏಳು ತಿಂಗಳಿಂದ ಇದ್ದೇನೆ.

ಮಾರ್ಚ್ ೫, ಬುಧವಾರ

ಪೈಪಿನಂಗಡಿಗೆ ಹೋದೆ. ಅಂಗಡಿಯಾತ ಮೊದಲು ಮೆಕ್ಯಾನಿಕ್ಕಾಗಿದ್ದ, ಬೆನ್ನು ಹಿಡಿದ ಮೇಲೆ ಕೌಂಟರು ಹಿಡಿದ. ಅಣ್ಣ ಇಟ್ಟ ಹೆಸರು ಪೈಪಪ್ಪ. 'ಹಳೇ ಪೈಪು ತನ್ನಿ ಅಕ್ಕ, ನೋಡಿ ಹೇಳ್ತೀನಿ' ಎಂದ. ಹಳೆಯದು ಇಲ್ಲ. ಎಲ್ಲಿ ಹೋಯಿತು ಎಂದ. ಇಲ್ಲ ಎಂದರೆ ಇಲ್ಲ ಎಂದೆ.

ಹಾಗಾದರೆ ಎರಡು ತುದಿ ಏನು ಹೇಳುತ್ತವೆ ಎಂದು ಕೇಳಿದ. ಟ್ಯಾಂಕಿನ ಮೂತಿ ಹತ್ತು ಮಿಲಿಮೀಟರು, ಪಂಪಿನ ಮೂತಿ ಆರು. ಎರಡೂ ಈ ಕಾರಿನವಲ್ಲ, ಅಣ್ಣ ಬೇರೆಲ್ಲಿಂದಲೋ ತಂದು ಕೂರಿಸಿದ್ದು. ಸುಳ್ಳು ಸಾಕ್ಷಿ ಎರಡು. ನಡುವಿನ ಪೈಪು ಆರೋ ಎಂಟೋ ದೇವರೇ ಬಲ್ಲ. ತೆಳುವಾದರೆ ಏರಿನಲ್ಲಿ ಇಂಜಿನ್ನಿಗೆ ಬಾಯಾರುತ್ತದೆ. ದಪ್ಪವಾದರೆ ಪಂಪು ಎಳೆಯಲಾರದೆ ಗಾಳಿ ಕುಡಿಯುತ್ತದೆ. ಪೂರ್ತಿ ರಬ್ಬರಿನದೇ ಹಾಕಿಬಿಡಲೇ ಎಂದದ್ದಕ್ಕೆ, 'ಬೆಂಕಿಗೆ ಮನೆ ವಿಳಾಸ ಬರೆದು ಕೊಟ್ಟ ಹಾಗೆ' ಎಂದ. ರಬ್ಬರು ಏನಿದ್ದರೂ ತುದಿಯ ಜೋಡಣೆಗೆ ಒಂದು ಗೇಣು.

ಒಂದು ಪಾಠ ಕಲಿತೆ. ಉಕ್ಕಿನ ಪೈಪನ್ನು ಹೊರಗಿನಿಂದ ಅಳೆಯುತ್ತಾರೆ, ರಬ್ಬರಿನದನ್ನು ಒಳಗಿನಿಂದ. ಎಂಟರ ಉಕ್ಕಿನ ಮೇಲೆ ಎಂಟರ ರಬ್ಬರು ಕೂರುವುದು ಹಾಗೆ. ಮನುಷ್ಯರದೂ ಇದೇ ಲೆಕ್ಕ: ಗಟ್ಟಿಯವರನ್ನು ಹೊರಗಿನಿಂದಲೇ ಅಳೆದು ಮುಗಿಸುತ್ತಾರೆ, ಮೆತ್ತಗಿನವರ ಒಳಗೆ ಇಣುಕುತ್ತಾರೆ. ಬಸ್ಸಿನಲ್ಲಿ ಹೊಳೆದದ್ದು. ಹೇಳಲು ಯಾರೂ ಇಲ್ಲದೆ ನಾನೇ ನಕ್ಕೆ. ಪಕ್ಕದಾಕೆ ಸರಿದು ಕೂತಳು.

ಮಾರ್ಚ್ ೬, ಗುರುವಾರ

ಸಿಕ್ಕಿತು!

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅಡುಗೆಮನೆಯ ಕಿಟಕಿಯ ಚಿಲಕದಲ್ಲಿ ಎರಡು ವರ್ಷದಿಂದ ತೂತು ಕೊರೆಯುವ ಒಂದು ಡ್ರಿಲ್ ಬಿಟ್ಟು ಸಿಕ್ಕಿಸಿದೆ. ಚಿಲಕದ ಕಡ್ಡಿ ಕಳೆದಾಗ ಜೇಬಿನಿಂದ ತೆಗೆದು ಅಣ್ಣನೇ ಸಿಕ್ಕಿಸಿದ್ದು. ಇದೇನು ಅಡುಗೆಮನೆಯೋ ಕಮ್ಮಾರಸಾಲೆಯೋ ಎಂದು ನಾನು ಬೈದದ್ದು ಎಣಿಕೆಯಿಲ್ಲ. ಅವನಿಗೆ ಅಂಕಿ ಬರೆಯುವ ಅಭ್ಯಾಸವೇ ಇರಲಿಲ್ಲ. ಪೈಪಿನ ದಪ್ಪಕ್ಕೆ ಸರಿಹೋಗುವ ಬಿಟ್ಟನ್ನು ಹುಡುಕಿ ತೆಗೆದಿಟ್ಟುಕೊಂಡರೆ ಅದೇ ಅವನ ಅಳತೆ. ಅದರ ಬಾಲದ ಮೇಲೆ ರಬ್ಬರು ಬಿಗಿಯಾಗಿ ಕೂತರೆ ಪೈಪಿನ ಮೇಲೂ ಕೂರುತ್ತದೆ. 'ನೀನು ಪಿಪೆಟ್ಟು, ಹನಿ ಎಣಿಸು. ನಾನು ಪೈಪು, ಹರಿಯೋದಷ್ಟೇ ಗೊತ್ತು' ಎನ್ನುತ್ತಿದ್ದ. ನನ್ನನ್ನು ಕರೆಯುತ್ತಿದ್ದುದೇ ಪಿಪೆಟ್ ಎಂದು.

ವರ್ನಿಯರಿನಲ್ಲಿ ಮೂರು ಸಲ ಅಳೆದೆ. ೬.೩೫, ೬.೩೫, ೬.೩೫. ಎಂದರೆ ಕಾಲಿಂಚು. ಅಣ್ಣ ಬಿಟ್ಟು ಹೋದದ್ದು ಒಂದು ಬಿಟ್ಟು ಎಂದು ಬರೆದುಕೊಳ್ಳುತ್ತೇನೆ. ಇಂಥವಕ್ಕೆ ಅವನು ಹಣೆ ಚಚ್ಚಿಕೊಳ್ಳುತ್ತಿದ್ದ.

ಮಾರ್ಚ್ ೯, ಭಾನುವಾರ

ಎರಡು ಪೈಪು ಹಾಳಾದವು.

ಟ್ಯಾಂಕಿನಿಂದ ಪಂಪಿಗೆ ಏಳು ಬಾಗು. ಈ ತುದಿಯಲ್ಲಿ ಬಗ್ಗಿಸಿದರೆ ಹನ್ನೊಂದು ಅಡಿ ಆಚೆಗಿನ ತುದಿ ಚೇಳಿನ ಬಾಲದಂತೆ ಎದ್ದು ತಿರುಗುತ್ತದೆ. ಕುರ್ಚಿಗೆ ಕಟ್ಟಿದೆ, ಕುರ್ಚಿ ಬಂತು. ಬಾಗಿಲಿಗೆ ಕಟ್ಟಿದೆ, ಪೈಪು ಸೊಟ್ಟಗಾಗಿ ಮಡಿಕೆ ಬಿತ್ತು. ಮಡಿಕೆ ಬಿದ್ದ ಪೈಪು, ಮುಗಿಯಿತು. ಅದರಲ್ಲಿ ಹರಿಯುವುದು ಮಾಲೀಕರ ಕಣ್ಣೀರು ಮಾತ್ರ ಎಂದು ಪೈಪಪ್ಪ ಮೊದಲೇ ಹೇಳಿದ್ದ. ಇದು ಇಬ್ಬರ ಕೆಲಸ. ಒಬ್ಬರು ಬಗ್ಗಿಸಬೇಕು, ಇನ್ನೊಬ್ಬರು ಸುಮ್ಮನೆ ಹಿಡಿದು ನಿಂತಿರಬೇಕು.

ತಲೆ ಎತ್ತಿದರೆ ಷೆಡ್ಡಿನ ಬಾಗಿಲಲ್ಲಿ ದಡಬಡ. ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. 'ಹಿಡ್ಕೊಳ್ಳಲಾ ಮೇಡಂ?'

ಬೇಡ ಎಂದೆ. ಹೋದಳು.

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಆಗಸ್ಟಿನ ಆ ಶನಿವಾರ ಅಣ್ಣ ಕರೆದಿದ್ದ: ಒಂದರ್ಧ ಗಂಟೆ ಬಾ, ಪೈಪಿನ ತುದಿ ಹಿಡಿದುಕೋ. ಉತ್ತರಪತ್ರಿಕೆ ನೋಡಿ ಬರುತ್ತೇನೆ ಎಂದು ಕಾಲೇಜಿಗೆ ಹೋದೆ. ಎಪ್ಪತ್ತು ಪತ್ರಿಕೆ. ಯಾರು ಎಷ್ಟು ತಪ್ಪು ಮಾಡಿದ್ದಾರೆ ಎಂದು ಅರ್ಧ ಅಂಕ, ಕಾಲು ಅಂಕ ಕಳೆಯುತ್ತ ಕೂತಿದ್ದೆ. ತುದಿ ಹಿಡಿದವಳು ಇವಳು. ಅವನು ಎದೆ ಹಿಡಿದು ಕುಸಿದಾಗ ಇದ್ದವಳು ಇವಳು, ಆಸ್ಪತ್ರೆಗೆ ಒಯ್ದವಳೂ ಇವಳೇ. ನಾನು ತಲುಪುವ ಹೊತ್ತಿಗೆ ಕೇಳುವುದಕ್ಕೂ ಹೇಳುವುದಕ್ಕೂ ಏನೂ ಉಳಿದಿರಲಿಲ್ಲ. ವಾರದ ಮೇಲೆ ಷೆಡ್ಡಿಗೆ ಹೋದೆ. ನೆಲದಲ್ಲಿ ಅವನು ಬಗ್ಗಿಸಿದ ಪೈಪು ಬಿದ್ದಿತ್ತು, ಪಕ್ಕದಲ್ಲಿ ಹಳೆಯದು. ನೋಡಲಾಗಲಿಲ್ಲ. ಗುಜರಿಯವನನ್ನು ಕೂಗಿ ಎರಡನ್ನೂ ಎತ್ತಿಕೊಟ್ಟೆ. ಅಳತೆ ತಾನಾಗಿ ಕಳೆದುಹೋದದ್ದಲ್ಲ, ನಾನೇ ಕಳೆದದ್ದು.

ಅವಳ ಮೇಲೆ ನನಗೆ ಸಿಟ್ಟೇನಿಲ್ಲ. ನಾನು ಹಿಡಿಯಬೇಕಿದ್ದ ತುದಿಯನ್ನು ಅವಳು ಹಿಡಿದಿದ್ದಳು, ಅಷ್ಟೇ. ಅದಕ್ಕಿಂತ ದೊಡ್ಡ ತಪ್ಪು ಯಾರು ಮಾಡಲು ಸಾಧ್ಯ?

ಮಾರ್ಚ್ ೧೦, ಸೋಮವಾರ

ಏನೂ ಇಲ್ಲ. ಗಡಿಯಾರ ಎರಡು ನಿಮಿಷ ಮುಂದಿದೆ. ಯಾವ ಆತುರವೋ.

ಮಾರ್ಚ್ ೧೪, ಶುಕ್ರವಾರ

ಮೂರನೆಯ ಪೈಪಿನ ಆಚೆ ತುದಿಯ ಮೇಲೆ ಮರಳಿನ ಎರಡು ಮೂಟೆ ಹೇರಿ, ದಿನಕ್ಕೆರಡು ಬಾಗಿನಂತೆ ಬಗ್ಗಿಸಿದೆ. ಸುಂದರವಾಗಿಲ್ಲ. ನನ್ನ ಕೈಬರಹದ ಹಾಗಿದೆ, ಬರೆದವಳಿಗೆ ಗೊತ್ತಾಗುತ್ತದೆ. ಕಾರಿನ ಕೆಳಗೆ ಮಲಗಿ ಕಟ್ಟಿದೆ. ಎರಡೂ ತುದಿಗೆ ರಬ್ಬರು, ಕ್ಲಿಪ್ಪು, ಟ್ಯಾಂಕಿಗೆ ನಾಲ್ಕು ಲೀಟರು ಪೆಟ್ರೋಲು. ಪೈಪಪ್ಪ ಬ್ಯಾಟರಿ ಕಳಿಸಿದ್ದ. ಕೀಲಿ ತಿರುಗಿಸಿದೆ. ಒಂಬತ್ತನೆಯ ಸಲಕ್ಕೆ ಕೆಮ್ಮಿತು, ಹನ್ನೊಂದಕ್ಕೆ ಹಿಡಿಯಿತು.

ಏಳು ವರ್ಷದಲ್ಲಿ ಮೊದಲ ಸಲ ಅವಳ ದನಿ ಕೇಳಿದೆ. ಅಣ್ಣನ ಗೊರಕೆಯ ಹಾಗೇ ಇದೆ, ಏರಿ, ತಡೆದು, ಇಳಿದು. ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಪಕ್ಕದ ಸೀಟಿನ ಕಡೆ ತಿರುಗಿ 'ನೋಡಿದೆಯಾ' ಎಂದೆ. ಆಮೇಲೆ ಆ ಸೀಟಿನ ಮೇಲೆ ಕೈಚೀಲ ಇಟ್ಟೆ. ಖಾಲಿ ಬಿಡುವುದು ಸರಿಯೆನಿಸಲಿಲ್ಲ.

ಮಾರ್ಚ್ ೧೬, ಭಾನುವಾರ

ಪೈಪಪ್ಪನನ್ನು ಕೂರಿಸಿಕೊಂಡು ಹೊರಟೆ. ಸಮತಟ್ಟಿನಲ್ಲಿ ಮಹಾರಾಣಿ. ರೈಲು ಸೇತುವೆಯ ಏರು ಅರ್ಧ ಹತ್ತುವಷ್ಟರಲ್ಲಿ ತಡವರಿಸಿ, ಬಿಕ್ಕಿ, ನಿಂತೇಹೋದಳು. ಹತ್ತು ನಿಮಿಷ ಕಾದರೆ ಹೊರಡುತ್ತಾಳೆ, ಇಪ್ಪತ್ತು ಗಜ ಹೋಗಿ ಮತ್ತೆ ನಿಲ್ಲುತ್ತಾಳೆ. ಹಿಂದಿನಿಂದ ಹಾರ್ನು ಮಾಡಿದವರಿಗೆಲ್ಲ ನಾನು ಅಧ್ಯಾಪಕಿಯ ಕಣ್ಣು ಬಿಟ್ಟೆ. ಮೂವತ್ತನಾಲ್ಕು ವರ್ಷದ ಅಭ್ಯಾಸ, ಎರಡು ಲಾರಿ ಸುಮ್ಮನಾದವು.

ಪೈಪಪ್ಪ ಕೆಳಗೆ ಬಗ್ಗಿ ನೋಡಿ, ಕೆಲಸ ಸರಿಯಾಗಿದೆ, ಅಳತೆ ತಪ್ಪಿದೆ ಎಂದ. ಅಳತೆ ಸಿಕ್ಕಿದೆ ಎಂದಿರೆಂದು ಕೊಟ್ಟೆ, ಇಂಥ ದೊಡ್ಡ ಇಂಜಿನ್ನಿಗೆ ಕಾಲಿಂಚು ಯಾರು ಹೇಳಿದ್ದು ಎಂದು ಕೇಳಿದ. ಕಿಟಕಿ ಹೇಳಿತು ಎಂದೆ. ಅವನು ನಗಲಿಲ್ಲ. 'ನಿಮ್ಮಣ್ಣ ಅಳತೆ ತಪ್ಪೋ ಆಸಾಮಿ ಅಲ್ಲಕ್ಕ. ನೀವೇ ತಪ್ಪಾಗಿ ಕೇಳಿಸಿಕೊಂಡಿರಬೇಕು.'

ಇಳಿಜಾರಿನಲ್ಲಿ ಇಂಜಿನ್ ಇಲ್ಲದೆ ಉರುಳಿಸಿಕೊಂಡು ಬಂದೆವು. ಸಾಕಾಗಿದೆ. ಗುಜರಿಯವನ ನಂಬರು ಹುಡುಕಿ ಮೇಜಿನ ಮೇಲೆ ಇಟ್ಟಿದ್ದೇನೆ.

ಮಾರ್ಚ್ ೧೭

ಗಾಳಿ. ಬಿಟ್ಟು ಕಿತ್ತ ಮೇಲೆ ಅಡುಗೆಮನೆಯ ಕಿಟಕಿ ಬಡಿದುಕೊಳ್ಳುತ್ತಲೇ ಇದೆ. ದಾರ ಕಟ್ಟಿದೆ, ಹರಿಯಿತು.

ಮಾರ್ಚ್ ೧೯, ಬುಧವಾರ

ಬೆಳಿಗ್ಗೆಯೂ ಅದೇ ಗಾಳಿ, ಅದೇ ಬಡಿತ. ಪಾತ್ರೆ ತೊಳೆಯುತ್ತಿದ್ದವಳು ಕೈ ಹಾಗೇ ಬಿಟ್ಟೆ. ನಮ್ಮ ಅಡುಗೆಮನೆಯ ನೇರ ಮೇಲೆ ಅವಳ ಕೋಣೆಯ ಕಿಟಕಿ. ಒಬ್ಬನೇ ಬಡಗಿ ಮಾಡಿದ್ದು, ಒಂದೇ ದಿಕ್ಕು, ಒಂದೇ ಗಾಳಿ, ಅದೇ ದರಿದ್ರ ಚಿಲಕ. ಅದು ಯಾಕೆ ಬಡಿಯುತ್ತಿಲ್ಲ?

ಮಕ್ಕಳಿಗೆ ವರ್ಷವಿಡೀ ಹೇಳಿಕೊಟ್ಟದ್ದು ಇಷ್ಟೇ: ಒಂದು ಪ್ರನಾಳದ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಪ್ರನಾಳ ಇಡಿ. ನಾನು ಒಂದೇ ಕಿಟಕಿ ನೋಡಿ ಎರಡು ದಶಾಂಶದವರೆಗೆ ಉತ್ತರ ಬರೆದಿದ್ದೆ. ಮನೆಗೆ ಇನ್ನೊಂದು ಕಿಟಕಿ ಇದೆಯೆಂದೇ ಲೆಕ್ಕಕ್ಕೆ ತಂದಿರಲಿಲ್ಲ.

ಹದಿನಾರು ಮೆಟ್ಟಿಲು. ಅಣ್ಣ ಹೋದ ಮೇಲೆ ಹತ್ತಿರಲಿಲ್ಲ. ಬಾಗಿಲು ತೆರೆದವಳು ನನ್ನನ್ನು ನೋಡಿ ತನ್ನ ಕಾಲು ನೋಡಿಕೊಂಡಳು, ಚಪ್ಪಲಿ ಬಿಟ್ಟಳು. ದೂರು ಕೊಡಲು ಬಂದೆನೆಂದು ತಿಳಿದಿರಬೇಕು. ನಾನು ನೇರ ಕಿಟಕಿಯ ಹತ್ತಿರ ಹೋದೆ. ಚಿಲಕದಲ್ಲಿ ಒಂದು ಡ್ರಿಲ್ ಬಿಟ್ಟು. ನನ್ನದಕ್ಕಿಂತ ದಪ್ಪ. ಬಾಲಕ್ಕೆ ಕೆಂಪು ದಾರದ ಗುರುತು.

ಹೋದ ಜುಲೈಯಲ್ಲಿ ಅಣ್ಣ ಸಿಕ್ಕಿಸಿದ್ದಂತೆ. ಕಿಟಕಿ ಬಡಿದು ನಿದ್ದೆಯಿಲ್ಲ ಎಂದಾಗ ಓಡಿಬಂದು, ಜೇಬಿನಲ್ಲಿದ್ದದ್ದು ಇದೇ, ಇದನ್ನೇ ಇಟ್ಟುಕೋ ಎಂದನಂತೆ. 'ಇದು ಕಡ, ಮಗು. ಕೇಳಿದಾಗ ಕೊಡಬೇಕು ಅಂದಿದ್ರು. ಯಾರೂ ಕೇಳಲಿಲ್ಲ ಮೇಡಂ.'

ಯಾಕೆ ನೀನೇ ತಂದುಕೊಡಲಿಲ್ಲ ಎಂದು ಕೇಳಬಹುದಿತ್ತು. ಏಳು ತಿಂಗಳು ಯಾರ ಬಾಗಿಲು ಮುಚ್ಚಿತ್ತು ಎಂಬುದು ನನಗೂ ಗೊತ್ತಿದ್ದರಿಂದ ಕೇಳಲಿಲ್ಲ. ಬದಲಿಗೆ ಬೇರೆ ಕೇಳಿದೆ. ಆ ದಿನ ಅವನು ಏನಾದರೂ ಅಂದನೇ?

ಅವಳು ಬಿಟ್ಟನ್ನು ಸೆರಗಿನಲ್ಲಿ ಒರೆಸುತ್ತ ನಿಂತಳು. 'ಆರು ಬಾಗು ಆಗಿತ್ತು. ಏಳನೇದು ಬೇಡ, ಸಾಕು ಅಂದ್ರು. ಪಿಪೆಟ್ ಬರಲಿ, ಕೊನೇದು ಅವಳು ಮಾಡಲಿ, ಇಲ್ಲದಿದ್ರೆ ನಮ್ಮಿಬ್ಬರನ್ನೂ ಬಿಡಲ್ಲ ಅಂತ ನಕ್ಕರು. ನಿಮಗೋಸ್ಕರ ಕೂತ್ಕೊಂಡ್ರು. ಕೂತ್ಕೊಂಡಾಗಲೇ...'

ಪಿಪೆಟ್ ಯಾರು ಅಂತ ನನಗೆ ಆಮೇಲೆ ಗೊತ್ತಾಯ್ತು ಎಂದಳು.

೭.೯೪, ಎಂದರೆ ಎಂಟೇ. ಒಂದೇ ಸಲ ಅಳೆದೆ. ಅಂಕಿ ಕಾಣಿಸದೆ ಅವಳ ಕೈಲೇ ಓದಿಸಿದೆ, ಕನ್ನಡಕ ಮಂಜಾಗಿತ್ತು.

ಮಾರ್ಚ್ ೨೨, ಶನಿವಾರ

ಪೈಪಪ್ಪ ಕೆಂಪು ದಾರದ ಬಿಟ್ಟು ನೋಡಿ, 'ಇದು ಮಾತು' ಎಂದ. ಎಂಟರ ರಬ್ಬರನ್ನು ಅದರ ಬಾಲಕ್ಕೆ ತುರುಕಿದ. ಗಕ್ಕೆಂದು ಕೂತಿತು.

ಮಧ್ಯಾಹ್ನ ಇಬ್ಬರೂ ಬಗ್ಗಿಸಿದೆವು. ಅವಳು ಆಚೆ ತುದಿ. ಗಾಜು ಉಜ್ಜುವ ಕೈ ಎಂದರೆ ಏನೆಂದು ಇವತ್ತು ತಿಳಿಯಿತು. ಹನ್ನೊಂದು ಅಡಿ ಆಚೆ ಹಿಡಿದರೆ ಉಸಿರಿನಷ್ಟೂ ಅಲ್ಲಾಡುವುದಿಲ್ಲ. ನಾನು ಬಗ್ಗಿಸುವ ಮುಂಚೆ ಸಾಕು ಸಾಕು ಎನ್ನುತ್ತಾಳೆ, ಬಗ್ಗಿಸಿದ ಮೇಲೆ ಇನ್ನೊಂದು ಕೂದಲೆಳೆ ಎನ್ನುತ್ತಾಳೆ. ಇಂಥವಳು ತರಗತಿಯಲ್ಲಿದ್ದಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಮಾತಿನ ಭರದಲ್ಲಿ ನಾನು ಬಾಯಿ ತಪ್ಪಿ ದಡಬಡ ಎಂದು ಕರೆದೇಬಿಟ್ಟೆ. ಒಂದು ಕ್ಷಣ ಪೈಪು ನಡುಗಿತು. ಆಮೇಲೆ ನಕ್ಕಳು, ಅಂಗಡಿಯಲ್ಲೂ ಅದೇ ಹೆಸರಂತೆ.

ಆರು ಬಾಗು ಐದು ಗಂಟೆಗೆ ಮುಗಿಯಿತು. ಏಳನೆಯದು ಪಂಪಿನ ಹತ್ತಿರದ ಸಣ್ಣ ತಿರುವು. ಕೈ ಒರೆಸಿಕೊಂಡೆ. 'ಮಾಡಿ ಅಕ್ಕ. ನಾನು ಹಿಡ್ಕೊಂಡಿದೀನಿ' ಎಂದಳು.

ಮಾಡಿದೆ.

ಮಾರ್ಚ್ ೨೫

ಬರೆಯಲು ಹೊತ್ತಾಗಲಿಲ್ಲ. ದಡಬಡ ನನ್ನ ಕನ್ನಡಕದ ಕಾಲು ಸರಿ ಮಾಡಿದಳು. ಮೂರು ವರ್ಷದಿಂದ ಜಗತ್ತೇ ಓರೆಯೆಂದುಕೊಂಡಿದ್ದೆ.

ಮಾರ್ಚ್ ೨೮, ಶುಕ್ರವಾರ

ಸೇತುವೆಯ ಏರು ಹತ್ತಿದಳು. ಒಮ್ಮೆಯೂ ಉಗುಳು ನುಂಗಲಿಲ್ಲ. ಕಾರಿನ ಮಾತು.

ಮೇಲೆ ನಿಲ್ಲಿಸಿ ಇಳಿದೆವು. ಕೆಳಗೆ ಒಂದು ಗೂಡ್ಸು ರೈಲು ಹೋಯಿತು. ಐವತ್ತೆರಡು ಡಬ್ಬಿ ಎಂದು ನಾನು, ಐವತ್ತಮೂರು ಎಂದು ಅವಳು. ಅಣ್ಣನಾಗಿದ್ದರೆ ಎಣಿಸುತ್ತಲೇ ಇರಲಿಲ್ಲ. ಅವನು ಕೂರಬೇಕಿದ್ದ ಸೀಟಿನಲ್ಲಿ ಅವಳು ಕೂತಿದ್ದಳು, ಮಡಿಲಲ್ಲಿ ನನ್ನ ಕೈಚೀಲ.

ಮಾರ್ಚ್ ೩೦, ಭಾನುವಾರ

ಕೈಗವಸಿನವರು ಹತ್ತಕ್ಕೆ ಬಂದರು. ಇಂಜಿನ್ ಕೇಳಿದರು, ಏರಿಗೆ ಹೋಗಿ ಬಂದರು, ಕೊನೆಗೆ ಚಾಪೆ ಹಾಸಿ ಕಾರಿನ ಕೆಳಗೆ ಮಲಗಿದರು. ಬಹಳ ಹೊತ್ತು ಏಳಲಿಲ್ಲ. ಇವರಿಗೂ ಏನಾದರೂ ಆಯಿತೇ ಎಂದು ಬಗ್ಗಿ ನೋಡಿದೆ. ಅಲ್ಲಿಂದಲೇ ಕೇಳಿದರು, ಪೆಟ್ರೋಲ್ ಪೈಪಿನ ಅಳತೆ ಸರಿಯಾಗಿ ಗೊತ್ತಿರುವವರೇ ಈಗ ಇಲ್ಲ, ಬಾಗುಗಳಂತೂ ಎಷ್ಟು ಹದವಾಗಿವೆ, ಯಾವ ಗ್ಯಾರೇಜಿನವರು ಮಾಡಿದ್ದು?

'ಗ್ಯಾರೇಜಲ್ಲ' ಎಂದೆ. 'ಮನೆಯವರೇ.'

ಎದ್ದು ನಿಂತವರ ಕೈಯಲ್ಲಿ ಗವಸಿರಲಿಲ್ಲ. ಬರಿಗೈಯಲ್ಲಿ ಬಾನೆಟ್ಟು ಸವರಿ, ಕೀಲಿ ಕೇಳಿದರು. ಕೊಟ್ಟೆ. ಗೊರಕೆಯ ಸದ್ದು ಬೀದಿಯ ತಿರುವಿನವರೆಗೆ ಕೇಳಿತು, ಆಮೇಲೆ ಸ್ವಲ್ಪ ಹೊತ್ತು ಕೇಳಿದಂತಾಯಿತು.

ಷೆಡ್ಡು ಗುಡಿಸಿದೆ. ಕಾರಿದ್ದ ಜಾಗದಲ್ಲಿ ಒಂದು ಹನಿ ಎಣ್ಣೆಯೂ ಇಲ್ಲ. ಅಣ್ಣ ಸೋರಲು ಬಿಟ್ಟವನಲ್ಲ. ಗೋಡೆಯ ಹನ್ನೊಂದನೆಯ ಸಾಲಿನ ಮುಂದೆ ಸೀಮೆಸುಣ್ಣದಲ್ಲಿ 'ಆಯಿತು' ಎಂದು ಬರೆದೆ. ಅಚ್ಚುಕೂಟದವರು ಸುಣ್ಣ ಹೊಡೆಸುತ್ತಾರಂತೆ. ಹೊಡೆಸಲಿ.

ಏಪ್ರಿಲ್ ೨, ಬುಧವಾರ

ಬಿಟ್ಟುಗಳು ತಂತಮ್ಮ ಕಿಟಕಿಗೆ ವಾಪಸು. ಗಾಳಿ ಇದೆ, ಬಡಿತವಿಲ್ಲ. ಪಕ್ಕದಲ್ಲಿ ಹೊಸ ಯಂತ್ರ ಇನ್ನೂ ಶುರುವಾಗಿಲ್ಲ. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ, ಗಡಿಯಾರದ ಮುಳ್ಳು ನಡೆಯುವುದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಏಳಾಯಿತು. ಏಳೂಕಾಲು. ಅವಳು ಏಳುವುದು ಆರಕ್ಕೆ. ಮೇಲೆ ಒಂದು ಹೆಜ್ಜೆಯಿಲ್ಲ.

ಒಲೆ ಆರಿಸಿ ಹದಿನಾರು ಮೆಟ್ಟಿಲು ಎಷ್ಟರಲ್ಲಿ ಹತ್ತಿದೆನೋ ತಿಳಿಯದು. ಬಾಗಿಲು ತೆರೆದಳು, ಕೂದಲು ಬಾಚುತ್ತಿದ್ದಳು. ಕಾಲಲ್ಲಿ ಹತ್ತಿಯಂಥ ಹೊಸ ಚಪ್ಪಲಿ. ನಿನ್ನೆ ತಂದದ್ದಂತೆ. 'ನಿಮಗೆ ತೊಂದರೆ ಆಗ್ತಿತ್ತಲ್ಲ ಅಕ್ಕ.'

ಏದುಸಿರು ನಿಂತ ಮೇಲೆ, ಏಳು ತಿಂಗಳಿಂದ ಬಾಕಿಯಿದ್ದ ದೂರು ಕೊಟ್ಟೆ. ಮರದ ಚಪ್ಪಲಿ ಎಲ್ಲಿ, ಈಗಲೇ ಹಾಕಿಕೋ ಎಂದೆ.